ತಲೆಯಿಲ್ಲದ ಚಿತ್ರ, ಕನ್ನಡಿಯ ಮುಂದೆ ನಿಂತ ಮಗಳು

ಪ್ರಶ್ನೆ: ನಾನು ಬಳ್ಳಾರಿಯ ಕೌಲ್ ಬಜಾರಿನವಳು. ಹನ್ನೆರಡು ವರ್ಷಗಳಿಂದ ಜೀನ್ಸ್ ಹೊಲಿಯುವ ಘಟಕದಲ್ಲಿ ದುಡಿಯುತ್ತಿದ್ದೇನೆ. ಈಗ ಹೊಲಿದು ಬಂದ ಪೀಸುಗಳನ್ನು ನೋಡಿ ಪಾಸು ಮಾಡುವ ಕೆಲಸ. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ನಾಲ್ಕೈದು ತಿಂಗಳಿಂದ ಕನ್ನಡಿ ಬಿಟ್ಟು ಕದಲುವುದಿಲ್ಲ, ರಾತ್ರಿ ಊಟ ಬಿಟ್ಟಿದ್ದಾಳೆ, ಬೆಳ್ಳಗಾಗುವ ಕ್ರೀಮ್ ಬೇಕೆಂದು ಹಟ ಹಿಡಿದಿದ್ದಾಳೆ. ಅವಳು ಕಾಲೇಜಿಗೆ ಹೋಗುವ ದಾರಿಯಲ್ಲಿ ಜೀನ್ಸ್ ಅಂಗಡಿಯೊಂದರ ದೊಡ್ಡ ಫ್ಲೆಕ್ಸ್ ಇದೆ. ಅದರಲ್ಲಿ ಹೆಣ್ಣುಮಗಳೊಬ್ಬಳ ಸೊಂಟದ ಕೆಳಗಿನ ಭಾಗ ಮಾತ್ರ ಕಾಣುತ್ತದೆ. ‘ಯವ್ವಾ, ನಂದು ಹಂಗ್ಯಾಕಿಲ್ಲ?’ ಎಂದು ಒಂದು ದಿನ ಕೇಳಿದಳು. ನನ್ನ ತಮ್ಮ ಆ ಫ್ಲೆಕ್ಸ್ ಹರಿದು ಹಾಕುತ್ತೇನೆ ಎನ್ನುತ್ತಾನೆ, ಅಂಥ ಚಿತ್ರಕ್ಕೆ ನಿಲ್ಲುವ ಹುಡುಗಿಯರಿಗೆ ಮಾನವಿಲ್ಲ ಎಂದು ಬಯ್ಯುತ್ತಾನೆ, ಮಗಳ ಕೈಯಿಂದ ಫೋನ್ ಕಿತ್ತುಕೋ ಎನ್ನುತ್ತಾನೆ. ಜಾಹೀರಾತಿಗೆ ನಿಜಕ್ಕೂ ಇಷ್ಟು ಶಕ್ತಿಯಿದೆಯೇ? ನಾನೇನು ಮಾಡಬೇಕು? ಅದೇ ಪ್ಯಾಂಟು ಹೊಲಿದು ಹೊಟ್ಟೆ ಹೊರೆಯುವ ನಾನೂ ಇದರಲ್ಲಿ ಪಾಲುದಾರಳೇ?

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಆ ಬಿಟ್ಟ ರಾತ್ರಿಯೂಟದ ಮಾತಾಡಬೇಕು, ಏಕೆಂದರೆ ಹಸಿದ ಮಗುವಿಗೆ ಜಾಹೀರಾತಿನ ಒಳಗುಟ್ಟು ತಿಳಿಸಿಕೊಡುವುದು ಆಮೇಲಿನ ಕೆಲಸ. ಮಗಳ ಮುಟ್ಟು ಏರುಪೇರಾಗಿದೆಯೇ ಅಥವಾ ನಿಂತೇ ಹೋಗಿದೆಯೇ, ಎದ್ದು ನಿಂತಾಗ ತಲೆ ಸುತ್ತುತ್ತದೆಯೇ, ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆಯೇ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆಯೇ ಎಂಬುದನ್ನು ಅವಳಿಗೆ ಗೊತ್ತಾಗದ ಹಾಗೆ ಗಮನಿಸಿ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಮೊದಲೇ ರಕ್ತ ಕಡಿಮೆಯಿರುವ ಮೈ ಒಂದು ಹೊತ್ತಿನ ಊಟವನ್ನೂ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮಗಳು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಎನ್ನದೆ ಸಿಗುತ್ತದೆ. ಮೊದಲು ನೀವೇ ಕರೆ ಮಾಡಿ ಹೇಗೆ ಮಾತು ಆರಂಭಿಸಬೇಕೆಂದು ಕೇಳಿದರೂ ಆದೀತು. ತಟ್ಟೆಯ ಮುಂದೆ ಕಾವಲು ಕೂತು ‘ತಿನ್ನು, ತಿನ್ನು’ ಎಂದು ಒತ್ತಾಯಿಸುವುದರಿಂದ ಊಟವೇ ಜಗಳದ ಕಣವಾಗುತ್ತದೆ. ಅದರ ಬದಲು ಕೆಲಸದಿಂದ ಬಂದ ಮೇಲೆ ನೀವೂ ಅವಳೂ ಒಟ್ಟಿಗೆ ಕೂತು ಉಣ್ಣುವ ರೂಢಿ ಹಾಕಿಕೊಳ್ಳಿ, ಊಟದ ಹೊತ್ತಿನಲ್ಲಿ ಮೈಕಟ್ಟಿನ ಮಾತು ಬೇಡ.

ಇನ್ನು ಆ ಫ್ಲೆಕ್ಸಿನ ವಿಷಯ. ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಜಾಹೀರಾತನ್ನು ಓದುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಇಂಥದೇ ಒಂದು ಫ್ಲೆಕ್ಸ್ ತಯಾರಾಗುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಕಾಲೇಜಿನ ಕಾರ್ಯಕ್ರಮದ ಬ್ಯಾನರ್ ಮಾಡಿಸಲು ಊರಿನ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿದ್ದಾಗ, ನನಗಿಂತ ಮೊದಲು ಬಂದಿದ್ದ ಜೀನ್ಸ್ ಅಂಗಡಿಯವರ ಕೆಲಸ ನಡೆಯುತ್ತಿತ್ತು. ಕಂಪ್ಯೂಟರಿನ ಮುಂದೆ ಇಪ್ಪತ್ತರ ಆಸುಪಾಸಿನ ಹುಡುಗ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಚಿತ್ರದಲ್ಲಿ ಒಬ್ಬ ಹುಡುಗಿ ಪೂರ್ತಿ ನಿಂತಿದ್ದಳು, ನಗುತ್ತಿದ್ದಳು, ಕೈಯಲ್ಲಿ ಒಂದು ಪುಸ್ತಕವೂ ಇತ್ತು. ಅಂಗಡಿಯ ಹೆಸರು ದೊಡ್ಡದಾಗಿ ಬರಬೇಕು, ಹಬ್ಬದ ಆಫರ್ ಬರಬೇಕು, ಎರಡು ಫೋನ್ ನಂಬರ್ ಬರಬೇಕು, ಮಾಲೀಕರು ಕೈಮುಗಿದು ನಿಂತ ಫೋಟೊ ಬರಬೇಕು. ಜಾಗ ಸಾಲದು. ಹುಡುಗ ಆ ಚಿತ್ರವನ್ನು ಮೌಸಿನಿಂದ ಮೇಲಕ್ಕೆ ತಳ್ಳಿದ. ಮೊದಲು ಕೂದಲು ಹೋಯಿತು, ಆಮೇಲೆ ಕಣ್ಣು, ಬಾಯಿ, ಕೊನೆಗೆ ಪುಸ್ತಕ ಹಿಡಿದ ಕೈ. ಸೊಂಟ ಮತ್ತು ತೊಡೆಗಳು ಉಳಿದವು. ‘ತಲಿ ಯಾಕಪ್ಪಾ ತೆಗೆದೆ?’ ಎಂದು ಕೇಳಿದೆ. ‘ಮೇಡಂ, ಪ್ಯಾಂಟು ಕಂಡ್ರ ಸಾಕಲ್ರೀ, ತಲಿ ಇಟ್ಕೊಂಡು ಏನ್ ಮಾಡೋದೈತಿ?’ ಎಂದ. ಅವನ ಮಾತಿನಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಆದರೆ ಅದೇ ಫ್ಲೆಕ್ಸಿನ ಮೂಲೆಯಲ್ಲಿ ದುಂಡಗಿನ ಚೌಕಟ್ಟಿನೊಳಗೆ ಮಾಲೀಕರ ಮುಖ, ಮೀಸೆ, ಹಣೆಯ ಕುಂಕುಮ ಎಲ್ಲವೂ ಇದ್ದವು, ಕೆಳಗೆ ಹೆಸರೂ ಇತ್ತು. ಒಂದೇ ಹಾಳೆಯ ಮೇಲೆ ಒಬ್ಬರಿಗೆ ಮುಖವಿದೆ, ಹೆಸರಿದೆ, ಇನ್ನೊಬ್ಬರಿಗೆ ಸೊಂಟ ಮಾತ್ರ ಇದೆ.

ಹೆಣ್ಣನ್ನು ಸರಕಾಗಿಸುವುದು ಎಂದಾಗ ನಮ್ಮ ಜನ ಕೂಡಲೇ ಬಟ್ಟೆಯ ಅಳತೆಗೆ ಹೋಗುತ್ತಾರೆ. ಎಷ್ಟು ಮೈ ಕಂಡಿತು ಎಂಬ ಲೆಕ್ಕದಿಂದ ಈ ವಿಷಯ ಬಗೆಹರಿಯುವುದಿಲ್ಲ. ಅಂಗನವಾಡಿಯ ಗೋಡೆಯ ಮೇಲೆ ತಾಯಿಯೊಬ್ಬಳು ಕೂಸಿಗೆ ಹಾಲೂಡುವ ಭಿತ್ತಿಪತ್ರ ಇರುತ್ತದೆ, ಅದರಲ್ಲಿ ಹೆಣ್ಣಿಗೆ ಅವಮಾನವಾಗುವಂಥದ್ದು ಏನೂ ಇಲ್ಲ. ಆ ತಾಯಿ ಒಂದು ಕೆಲಸದಲ್ಲಿದ್ದಾಳೆ, ಅವಳ ಕಣ್ಣು ಕೂಸಿನ ಮೇಲಿದೆ, ಆ ಚಿತ್ರ ಅವಳಿಗೇ ಉಪಯೋಗವಾಗುವ ಮಾತನ್ನು ಹೇಳುತ್ತಿದೆ. ಇನ್ನೊಂದು ಕಡೆ, ರೇಷ್ಮೆ ಸೀರೆಯುಟ್ಟು ಮೈತುಂಬ ಚಿನ್ನ ಹೇರಿಕೊಂಡು ತಲೆ ಬಾಗಿಸಿ ನಿಂತ ಮದುವಣಗಿತ್ತಿಯ ಹೋರ್ಡಿಂಗಿನಲ್ಲಿ ಬೆರಳ ತುದಿಯಷ್ಟೂ ಮೈ ಕಾಣುವುದಿಲ್ಲ, ಆದರೂ ಅಲ್ಲಿ ಅವಳು ಒಡವೆ ನೇತುಹಾಕುವ ಗೂಟವಾಗಿರಬಹುದು. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಮಾರ್ಥಾ ನುಸ್‌ಬಾಮ್ 1995ರ ಒಂದು ಪ್ರಬಂಧದಲ್ಲಿ ಮನುಷ್ಯರನ್ನು ವಸ್ತುವಾಗಿ ಕಾಣುವ ಏಳು ಬಗೆಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಮೂರು ನಿಮ್ಮ ದಾರಿಯ ಫ್ಲೆಕ್ಸಿನಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಇನ್ನೊಬ್ಬರ ಉದ್ದೇಶಕ್ಕೆ ಬಳಸುವ ಸಾಧನವಾಗಿಸುವುದು ಒಂದು. ಅವಳ ಜಾಗದಲ್ಲಿ ಇನ್ನೊಬ್ಬಳನ್ನು ತಂದು ನಿಲ್ಲಿಸಿದರೂ ನಡೆಯುತ್ತದೆ ಎಂದು ಭಾವಿಸುವುದು ಇನ್ನೊಂದು, ಮುಖವೇ ಇಲ್ಲದ ಮೇಲೆ ಯಾರಾದರೇನು? ಅವಳಿಗೂ ಒಂದು ಮನಸ್ಸು, ಅನುಭವ, ಮಾತು ಇದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಮೂರನೆಯದು. ಸಿಮೆಂಟು, ಕಬ್ಬಿಣದ ಸರಳು, ಗಂಡಸರ ಬನಿಯನ್ನು ಮಾರುವ ಜಾಹೀರಾತುಗಳಲ್ಲಿ ಸಂಬಂಧವೇ ಇಲ್ಲದ ಹೆಣ್ಣೊಬ್ಬಳು ಬಂದು ನಿಲ್ಲುವುದನ್ನು ಈ ಮೂರು ಅಳತೆಗಳಿಂದ ನೋಡಿ, ಎಲ್ಲ ಸ್ಪಷ್ಟವಾಗುತ್ತದೆ.

ಇದಕ್ಕೆ ಅಷ್ಟು ಶಕ್ತಿಯಿದೆಯೇ ಎಂದು ಕೇಳಿದ್ದೀರಿ. ಒಂದು ಫ್ಲೆಕ್ಸಿಗೆ ಇಲ್ಲ. ಯಾವ ಹುಡುಗಿಯೂ ಒಂದು ಚಿತ್ರ ನೋಡಿ ಊಟ ಬಿಡುವುದಿಲ್ಲ. ಜಾಹೀರಾತು ಹೇಳಿದ್ದನ್ನೆಲ್ಲ ನಂಬುತ್ತೀರಾ ಎಂದು ನನ್ನ ವಿದ್ಯಾರ್ಥಿನಿಯರನ್ನು ಕೇಳಿದರೆ ಎಲ್ಲರೂ ಇಲ್ಲವೆಂದೇ ತಲೆಯಾಡಿಸುತ್ತಾರೆ, ಅವರು ಹೇಳುವುದು ಸುಳ್ಳೂ ಅಲ್ಲ. ಆದರೆ ಮಾತನ್ನು ನಂಬದಿದ್ದರೂ ಅಳತೆ ಮನಸ್ಸಿನಲ್ಲಿ ಕೂರುತ್ತದೆ. ರಸ್ತೆಯಲ್ಲಿ, ಬಸ್ಸಿನ ಹಿಂಭಾಗದಲ್ಲಿ, ಟಿವಿಯಲ್ಲಿ, ಫೋನಿನಲ್ಲಿ ಒಂದೇ ಬಗೆಯ ಸೊಂಟ, ಒಂದೇ ಬಗೆಯ ಬಣ್ಣ ಸಾವಿರ ಸಲ ಕಣ್ಣಿಗೆ ಬಿದ್ದಾಗ ಅದು ಸಹಜವೆಂದೂ ತನ್ನದು ಕೊರತೆಯೆಂದೂ ಅನ್ನಿಸತೊಡಗುತ್ತದೆ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1997ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು. ಹೊರಗಿನವರು ತನ್ನ ಮೈಯನ್ನು ಹೇಗೆ ನೋಡುತ್ತಾರೋ ಹಾಗೆಯೇ ಹುಡುಗಿ ತನ್ನನ್ನು ತಾನು ನೋಡಿಕೊಳ್ಳಲು ಕಲಿಯುತ್ತಾಳೆ, ತನ್ನ ಮೇಲೆ ತಾನೇ ಕಾವಲು ಕೂರುತ್ತಾಳೆ, ಆ ಕಾವಲಿನಿಂದ ನಾಚಿಕೆ, ಆತಂಕ, ಊಟದ ತೊಂದರೆ, ಖಿನ್ನತೆ ಹುಟ್ಟಬಹುದು ಎಂಬುದು ಅದರ ತಿರುಳು. ಮರುವರ್ಷ ಅವರೂ ಸಹೋದ್ಯೋಗಿಗಳೂ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ತೊಡಿಸಿ, ಕನ್ನಡಿಯಿರುವ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಗಣಿತದ ಲೆಕ್ಕಗಳನ್ನು ಕೊಟ್ಟರು. ನೋಡುವವರು ಯಾರೂ ಇರಲಿಲ್ಲ. ಆದರೂ ಈಜುಡುಗೆ ತೊಟ್ಟ ಹುಡುಗಿಯರು ಸ್ವೆಟರ್ ತೊಟ್ಟ ಹುಡುಗಿಯರಿಗಿಂತ ಕಡಿಮೆ ಅಂಕ ಪಡೆದರು. ಹುಡುಗರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮನಸ್ಸಿನ ಒಂದು ಪಾಲು ಮೈಯನ್ನು ಕಾಯುವುದರಲ್ಲೇ ಖರ್ಚಾಗಿತ್ತು. ಪರೀಕ್ಷೆಯ ವರ್ಷದಲ್ಲಿರುವ ನಿಮ್ಮ ಮಗಳು ಪುಸ್ತಕ ತೆರೆದು ಕೂತಾಗ ಅವಳ ಗಮನ ಎಲ್ಲಿ ಸೋರಿಹೋಗುತ್ತಿರಬಹುದು ಎಂಬುದಕ್ಕೆ ಇದರಲ್ಲಿ ಒಂದು ಸುಳಿವಿದೆ.

ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳ ಉದಾಹರಣೆಯನ್ನೂ ಹೇಳಬೇಕು. ಅಲ್ಲಿ ಮೈತುಂಬಿಕೊಂಡ ಹೆಣ್ಣೆಂದರೆ ಚೆನ್ನಾಗಿ ಉಂಡು, ಅಕ್ಕರೆಯಲ್ಲಿ ಬೆಳೆದವಳು ಎಂಬ ಭಾವನೆಯಿತ್ತು. ನಮ್ಮ ಅಜ್ಜಿಯರೂ ಹಾಗೇ ಭಾವಿಸುತ್ತಿದ್ದರು, ‘ಮೈ ಹಿಡಿದಾಳ’ ಎಂಬುದು ಅವರ ಬಾಯಲ್ಲಿ ಹೊಗಳಿಕೆಯ ಮಾತು. ಅಲ್ಲಿನ ಒಂದು ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು. ಆ್ಯನ್ ಬೆಕರ್ ಎಂಬ ವೈದ್ಯೆ, ಮಾನವಶಾಸ್ತ್ರಜ್ಞೆ, ಟಿವಿ ಬಂದ ಕೆಲವೇ ವಾರಗಳಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಶಾಲಾ ಹುಡುಗಿಯರನ್ನು ಮಾತಾಡಿಸಿದರು. ತೂಕ ಇಳಿಸಲು ತಾನಾಗಿ ವಾಂತಿ ಮಾಡಿಕೊಳ್ಳುತ್ತೇನೆ ಎಂದವರು ಮೊದಲ ಸಲ ಒಬ್ಬರೂ ಇರಲಿಲ್ಲ, ಮೂರು ವರ್ಷದ ಬಳಿಕ ಅಂಥವರು ಶೇ 11.3ರಷ್ಟಿದ್ದರು. ಟಿವಿ ಎಂದರೆ ಧಾರಾವಾಹಿಗಳೂ ಸೇರುತ್ತವೆ, ಪೂರ್ತಿ ಹೊಣೆಯನ್ನು ಜಾಹೀರಾತಿನ ತಲೆಗೆ ಕಟ್ಟುವುದು ಸರಿಯಾಗದು. ಆದರೂ ಒಂದು ಸಮಾಜದ ಅಳತೆಗೋಲು ಮೂರೇ ವರ್ಷದಲ್ಲಿ ಅಲುಗಾಡಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ಕಂಡಿಲ್ಲ.

ನಿಮ್ಮ ತಮ್ಮನ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅದು ಹೋಗುತ್ತಿರುವ ದಾರಿ ನನಗೆ ಭಯ ಹುಟ್ಟಿಸುತ್ತದೆ. ಚಿತ್ರಕ್ಕೆ ನಿಂತ ಹುಡುಗಿಗೆ ಮಾನವಿಲ್ಲ ಎನ್ನುವವರು, ಹೆಣ್ಣಿನ ಮಾನ ಅವಳ ಮೈಯಲ್ಲೇ ಇದೆ ಎಂಬ ಆ ಜಾಹೀರಾತಿನ ಮಾತನ್ನು ಒಪ್ಪಿಕೊಂಡೇ ಮಾತಾಡುತ್ತಿರುತ್ತಾರೆ. ಜಾಹೀರಾತು ಆ ಮೈಯನ್ನು ಮಾರುತ್ತದೆ, ಇವರು ಮುಚ್ಚಬೇಕೆನ್ನುತ್ತಾರೆ, ಆ ಹುಡುಗಿ ಏನು ಯೋಚಿಸುತ್ತಾಳೆ ಎಂದು ಇಬ್ಬರೂ ಕೇಳುವುದಿಲ್ಲ. 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಈ ಎರಡು ಬಗೆಯ ವಿರೋಧಗಳೂ ಬೀದಿಗಿಳಿದಿದ್ದವು. ಹೆಣ್ಣನ್ನು ಸಾಲಾಗಿ ನಿಲ್ಲಿಸಿ ಅಂಕ ಹಾಕುವುದನ್ನು, ಅದರ ಬೆನ್ನಿಗಿದ್ದ ಸೌಂದರ್ಯವರ್ಧಕಗಳ ಮಾರುಕಟ್ಟೆಯನ್ನು ಪ್ರಶ್ನಿಸಿದ ಮಹಿಳಾ ಸಂಘಟನೆಗಳು ಒಂದು ಕಡೆ, ಸಂಸ್ಕೃತಿ ಹಾಳಾಗುತ್ತದೆ ಎಂದವರು ಇನ್ನೊಂದು ಕಡೆ. ಕೊನೆಗೆ ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು, ಉಳಿದ ಸ್ಪರ್ಧೆ ಇಲ್ಲೇ ನಡೆಯಿತು. ಮೈ ಮುಚ್ಚಬೇಕು ಎಂದವರ ಬೇಡಿಕೆ ಅಷ್ಟರಮಟ್ಟಿಗೆ ಈಡೇರಿತು, ಹೆಣ್ಣಿಗೆ ಅಂಕ ಹಾಕುವುದು ಏಕೆ ಎಂದು ಕೇಳಿದವರಿಗೆ ಉತ್ತರ ಸಿಗಲಿಲ್ಲ. ತಮ್ಮನಿಗೆ ಈ ವ್ಯತ್ಯಾಸವನ್ನು ಸಮಾಧಾನದಿಂದ ತಿಳಿಸಿ. ಫ್ಲೆಕ್ಸಿನ ಹುಡುಗಿಯೂ ನಿಮ್ಮ ಹಾಗೆ ಕೂಲಿಗೆ ದುಡಿದವಳು, ತನ್ನ ಚಿತ್ರ ಬಳ್ಳಾರಿಯ ಯಾವುದೋ ಅಂಗಡಿಯಲ್ಲಿ ಕತ್ತರಿಸಲ್ಪಟ್ಟು ಕಂಬಕ್ಕೇರಿದೆ ಎಂಬುದು ಅವಳಿಗೆ ಗೊತ್ತೇ ಇರಲಿಕ್ಕಿಲ್ಲ. ಮಾವ ಹೀಗೆ ಬಯ್ಯುವುದನ್ನು ಕೇಳುವ ನಿಮ್ಮ ಮಗಳು ಅದರಿಂದ ಧೈರ್ಯ ತಂದುಕೊಳ್ಳುವುದಿಲ್ಲ, ತನ್ನ ಮೈಯ ಬಗ್ಗೆ ನಾಚಿಕೆಪಡಲು ಇನ್ನೊಂದು ಕಾರಣವನ್ನು ಕಂಡುಕೊಳ್ಳುತ್ತಾಳೆ. ಫೋನ್ ಕಿತ್ತುಕೊಂಡರೂ ಇದೇ ಆಗುತ್ತದೆ, ಅವಳು ನಿಮ್ಮೊಂದಿಗೆ ಮಾತಾಡುವುದನ್ನೇ ನಿಲ್ಲಿಸುತ್ತಾಳೆ.

ಮನೆಯಲ್ಲಿ ಏನು ಮಾಡಬಹುದು ಎಂಬುದಕ್ಕೆ ಉತ್ತರ ನಿಮ್ಮ ಕೆಲಸದಲ್ಲೇ ಇದೆ ಎಂದು ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿತು. ಹೊಲಿದ ಪೀಸು ಕೈಗೆ ಬಂದ ಕೂಡಲೇ ನೀವು ಅದರ ಅಂದಕ್ಕೆ ಮರುಳಾಗುವುದಿಲ್ಲ. ಒಳಮೈ ಹೊರಗೆ ತಿರುಗಿಸುತ್ತೀರಿ, ಹೊಲಿಗೆ ಎಲ್ಲಿ ಸೊಟ್ಟಗಾಗಿದೆ, ದಾರ ಎಲ್ಲಿ ಬಿಟ್ಟಿದೆ, ಜಿಪ್ ಎಲ್ಲಿ ಹಿಡಿಯುತ್ತದೆ, ಎರಡು ಕಾಲಿನ ಬಣ್ಣ ಒಂದೇ ಇದೆಯೇ ಎಂದು ನೋಡುತ್ತೀರಿ. ಆ ಕಣ್ಣನ್ನು ಮಗಳಿಗೆ ಕೊಡಿ. ಒಂದು ಜಾಹೀರಾತನ್ನು ಮುಂದಿಟ್ಟುಕೊಂಡು ಇಬ್ಬರೂ ಕೂತು ಅದರ ಒಳಮೈ ತಿರುಗಿಸಿ. ಈ ಚಿತ್ರದಲ್ಲಿ ಏನನ್ನು ಕತ್ತರಿಸಿದ್ದಾರೆ? ಇಲ್ಲಿರುವವಳು ಏನಾದರೂ ಕೆಲಸ ಮಾಡುತ್ತಿದ್ದಾಳೆಯೇ, ಸುಮ್ಮನೆ ನೋಡಿಸಿಕೊಳ್ಳುತ್ತಿದ್ದಾಳೆಯೇ? ಅವಳ ಜಾಗದಲ್ಲಿ ಗಂಡಸನ್ನು ಅದೇ ಭಂಗಿಯಲ್ಲಿ ನಿಲ್ಲಿಸಿದರೆ ನಗು ಬರುತ್ತದೆಯೇ? ಮಾರುತ್ತಿರುವ ವಸ್ತುವಿಗೂ ಅವಳ ಮೈಗೂ ಏನು ಸಂಬಂಧ? ಈ ಚಿತ್ರ ನೋಡಿದ ಮೇಲೆ ನನಗೆ ಯಾವ ಕೊರತೆ ಹುಟ್ಟಿತು, ಆ ಕೊರತೆಯಿಂದ ಯಾರಿಗೆ ಲಾಭ? ಪಾಠ ಮಾಡುವ ಹಾಗೆ ಕೇಳಬೇಡಿ, ಟಿವಿ ನೋಡುವಾಗ ಒಂದೊಂದನ್ನು ಮಾತಿನ ನಡುವೆ ಎತ್ತಿದರೆ ಸಾಕು. ಮೊದಲ ವಾರ ಅವಳು ಮುಖ ತಿರುಗಿಸಬಹುದು. ನನ್ನ ತರಗತಿಯಲ್ಲೂ ಹಾಗೇ ಆಗುತ್ತದೆ, ಹದಿನೈದು ದಿನ ಕಳೆಯುವಷ್ಟರಲ್ಲಿ ಹುಡುಗಿಯರೇ ಚಿತ್ರಗಳನ್ನು ತಂದು ತೋರಿಸತೊಡಗುತ್ತಾರೆ.

ಅವಳಿಗೆ ಇದನ್ನೂ ಹೇಳಿ: ಚಿತ್ರ ತೆಗೆಯುವಾಗ ಪ್ಯಾಂಟು ಮೈಗೆ ಅಂಟಿದ ಹಾಗೆ ಕಾಣಲೆಂದು ಹಿಂದಿನಿಂದ ಕ್ಲಿಪ್ಪು, ಪಿನ್ನು ಹಾಕಿ ಎಳೆದು ಹಿಡಿದಿರುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ಸೊಂಟ ಸಣ್ಣದಾಗುತ್ತದೆ, ಚರ್ಮದ ಕಲೆಗಳು ಅಳಿಯುತ್ತವೆ. ಹೀಗೆ ತಿದ್ದಿ ಮೈಯ ಆಕಾರ ಬದಲಿಸಿದ ಜಾಹೀರಾತಿನ ಮೇಲೆ ತಿದ್ದಿದ ಚಿತ್ರವೆಂದು ಬರೆಯಲೇಬೇಕೆಂದು ಫ್ರಾನ್ಸ್ 2017ರಲ್ಲೂ ನಾರ್ವೆ 2022ರಲ್ಲೂ ನಿಯಮ ಜಾರಿಗೆ ತಂದವು. ನಮ್ಮ ರಸ್ತೆಯ ಫ್ಲೆಕ್ಸುಗಳ ಮೇಲೆ ಅಂಥ ಒಕ್ಕಣೆ ಇರುವುದಿಲ್ಲ, ಅದನ್ನು ನಾವೇ ಮನಸ್ಸಿನಲ್ಲಿ ಬರೆದುಕೊಂಡು ಓದಬೇಕು. ಫೋನಿನ ಕ್ಯಾಮೆರಾದ ಫಿಲ್ಟರ್ ಕೂಡ ಇದೇ ಕೆಲಸ ಮಾಡುತ್ತದೆ. ಅಲ್ಲಿ ಹುಡುಗಿ ತನ್ನ ಮುಖವನ್ನೇ ತಿದ್ದಿದ ಮುಖದ ಜೊತೆ ಹೋಲಿಸಿಕೊಳ್ಳುತ್ತಾಳಾದ್ದರಿಂದ ನೋವು ಇನ್ನೂ ಹತ್ತಿರದ್ದು.

ಮನೆಯ ಮಾತನ್ನೂ ಒಮ್ಮೆ ತಿರುಗಿಸಿ ನೋಡಿಕೊಳ್ಳಬೇಕು. ಮದುವೆಗೆ ಹೋದಾಗ ‘ಹುಡುಗಿ ಕಪ್ಪಾದ್ರೂ ಲಕ್ಷಣ ಅದಾಳ’ ಎನ್ನುವ ನಮ್ಮ ಹಿರಿಯರು, ‘ಬೆಳ್ಳಗಿನ ವಧು ಬೇಕು’ ಎಂದು ಬರೆಸುವ ವರನ ಕಡೆಯವರು, ವರ್ಷಾನುಗಟ್ಟಲೆ ಹಾಕಿದ ಅಡಿಪಾಯದ ಮೇಲೆ ಜಾಹೀರಾತು ಮನೆ ಕಟ್ಟಿದೆ. ನಮ್ಮ ಸೀಮೆಯ ಬಿಸಿಲಲ್ಲಿ ಹುಟ್ಟಿ ಬೆಳೆದವರ ಬಣ್ಣವನ್ನು ಕೊರತೆ ಎಂದು ಮೊದಲು ಕರೆದವರು ಕಂಪನಿಯವರಲ್ಲ, ಅವರು ಅದಕ್ಕೆ ಬೆಲೆ ಕಟ್ಟಿದರು. ಫೇರ್ ಆ್ಯಂಡ್ ಲವ್ಲಿ ಎಂಬ ಕ್ರೀಮ್ ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಬಣ್ಣದ ಆಧಾರದ ಮೇಲೆ ಯಾರನ್ನೂ ಕೀಳಾಗಿ ತೋರಿಸಬಾರದು ಎಂದು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಆ ಕ್ರೀಮಿನ ಹೆಸರು ಗ್ಲೋ ಆ್ಯಂಡ್ ಲವ್ಲಿ ಎಂದಾಯಿತು. ನಲವತ್ತೈದು ವರ್ಷ ಒಂದು ಪದವನ್ನು ಕೇಳಿ ಬೆಳೆದ ಮನೆಗಳಲ್ಲಿ ಡಬ್ಬಿಯ ಹೆಸರು ಬದಲಾದ ಮಾತ್ರಕ್ಕೆ ಕನ್ನಡಿಯ ಮುಂದಿನ ಪ್ರಶ್ನೆ ಬದಲಾಗಲಿಲ್ಲ.

ಮಗಳು ಕೇಳುತ್ತಿರುವ ಕ್ರೀಮ್ ಯಾವುದೆಂದು ನೀವು ಬರೆದಿಲ್ಲ. ಅದು ಹೆಸರು, ತಯಾರಕರ ವಿಳಾಸ, ಒಳಗಿರುವ ಪದಾರ್ಥಗಳ ಪಟ್ಟಿ ಯಾವುದೂ ಇಲ್ಲದ ಡಬ್ಬಿಯಾಗಿದ್ದರೆ, ಅಥವಾ ಆನ್‌ಲೈನ್‌ನಲ್ಲಿ ವಾರದಲ್ಲಿ ಬೆಳ್ಳಗಾಗುತ್ತೀರಿ ಎಂದು ಮಾರುವ ಮಾಲಾಗಿದ್ದರೆ, ದಯವಿಟ್ಟು ಮನೆಯೊಳಗೆ ಬಿಡಬೇಡಿ. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಕೆಲವರಿಗೆ ಬಂದ ಮೂತ್ರಪಿಂಡದ ಕಾಯಿಲೆಗೂ ಅವರು ಹಚ್ಚುತ್ತಿದ್ದ ಬೆಳ್ಳಗಾಗುವ ಕ್ರೀಮುಗಳಿಗೂ ನಂಟಿರುವುದನ್ನು ವೈದ್ಯರು ಗುರುತಿಸಿದ್ದರು. ಔಷಧ ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಮುಲಾಮುಗಳನ್ನು ಬಣ್ಣಕ್ಕೆಂದು ಹಚ್ಚುವುದೂ ಅಪಾಯ, ಅದರಿಂದ ಚರ್ಮ ತೆಳುವಾಗುತ್ತದೆ, ಬಿಟ್ಟ ಕೂಡಲೇ ಉರಿ ಮತ್ತು ಮೊಡವೆ ಏಳುತ್ತವೆ. ಅಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದು 2018ರಲ್ಲೇ ಆದೇಶವಾಗಿದೆ.

ಮನೆಯ ಹೊರಗೆ ನಿಮ್ಮ ಕೈಯಲ್ಲಿರುವ ದಾರಿಗಳನ್ನು ಈಗ ಹೇಳುತ್ತೇನೆ. ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯ್ದೆ 1986ರಲ್ಲಿ ಬಂತು, 1987ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಹೆಣ್ಣಿನ ಮೈಯನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಅಸಭ್ಯವಾಗಿ ಅಥವಾ ಹೆಣ್ಣುಮಕ್ಕಳನ್ನು ಕೀಳುಗಳೆಯುವ ರೀತಿಯಲ್ಲಿ ಜಾಹೀರಾತಿನಲ್ಲಿ ತೋರಿಸುವುದನ್ನು ಅದು ನಿಷೇಧಿಸುತ್ತದೆ. ಮೊದಲ ಸಲ ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷ ಮೀರದ ಸೆರೆವಾಸ, 10,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ. ಪೊಲೀಸರು ನೇರವಾಗಿ ದೂರು ದಾಖಲಿಸಿಕೊಳ್ಳಬಹುದಾದ ಅಪರಾಧ ಇದು. ಆದರೆ ನಿಮ್ಮ ದಾರಿಯ ಫ್ಲೆಕ್ಸಿನ ಬಗ್ಗೆ ಠಾಣೆಗೆ ಹೋದರೆ ‘ಬಟ್ಟೆ ಹಾಕ್ಯಾಳಲ್ಲಮ್ಮಾ’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು, ಆ ಬಗ್ಗೆ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಕಾಯ್ದೆಯಲ್ಲಿ ಕೀಳುಗಳೆಯುವುದು ಎಂಬ ಮಾತಿದ್ದರೂ ನಮ್ಮಲ್ಲಿ ಅದನ್ನು ಅಶ್ಲೀಲತೆಯ ಕಾಯ್ದೆಯಾಗಿಯೇ ಓದುವುದು ರೂಢಿ. ಟಿವಿಗೆ ಅನ್ವಯಿಸುವ 1994ರ ಕೇಬಲ್ ಟೆಲಿವಿಷನ್ ನಿಯಮಗಳು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿವೆ: ಹೆಣ್ಣನ್ನು ಅಧೀನಳೆಂದು, ಮನೆಯಲ್ಲೂ ಸಮಾಜದಲ್ಲೂ ಎರಡನೆಯ ಸ್ಥಾನದವಳೆಂದು ತೋರಿಸುವ ಜಾಹೀರಾತಿಗೂ ಅಲ್ಲಿ ಅವಕಾಶವಿಲ್ಲ.

ಭಾರತೀಯ ಜಾಹೀರಾತು ಮಾನದಂಡಗಳ ಮಂಡಳಿ ಅಥವಾ ಆಸ್ಕಿ ಎಂಬುದು 1985ರಲ್ಲಿ ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ. ಬಣ್ಣದ ಮಾರ್ಗಸೂಚಿ ಹೊರಡಿಸಿದ್ದೂ ಇದೇ. ಯಾರು ಬೇಕಾದರೂ ಹಣ ಕೊಡದೆ ಅಲ್ಲಿಗೆ ದೂರು ಕಳಿಸಬಹುದು. ಲಿಂಗದ ಆಧಾರದ ಪೂರ್ವಗ್ರಹಗಳನ್ನು ಕುರಿತು ಅದು 2022ರ ಜೂನ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ನೋಡುಗರನ್ನು ಕೆರಳಿಸುವ ಸಲುವಾಗಿ ಯಾರನ್ನೂ ಲೈಂಗಿಕ ವಸ್ತುವಾಗಿ ತೋರಿಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಅದೇ ತಿಂಗಳು ಗಂಡಸರ ಸುಗಂಧದ್ರವ್ಯವೊಂದರ ಜಾಹೀರಾತು ಅತ್ಯಾಚಾರದ ಸುಳಿವನ್ನೇ ತಮಾಷೆಯ ವಸ್ತುವಾಗಿಸಿದಾಗ ಜನ ಸುಮ್ಮನಿರಲಿಲ್ಲ. ಆಸ್ಕಿ ಅದಕ್ಕೆ ತಡೆ ಹಾಕಿತು, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಟ್ವಿಟರ್ ಮತ್ತು ಯೂಟ್ಯೂಬಿನಿಂದ ಅದನ್ನು ತೆಗೆಯುವಂತೆ ಸೂಚಿಸಿತು. ದೂರು ಕಳಿಸುವಾಗ ಜಾಹೀರಾತಿನ ಫೋಟೊ, ಕಂಡ ಜಾಗ, ದಿನಾಂಕ ಮತ್ತು ನಿಮಗೆ ಏಕೆ ಸರಿಯೆನಿಸಲಿಲ್ಲ ಎಂಬ ಎರಡು ಮೂರು ವಾಕ್ಯ ಇದ್ದರೆ ಸಾಕು. ಮಗಳೇ ಬರೆಯಲಿ. ಇನ್ನು ಫ್ಲೆಕ್ಸಿಗೆ ಸಂಬಂಧಿಸಿದಂತೆ, ಪ್ಲಾಸ್ಟಿಕ್ ಫ್ಲೆಕ್ಸನ್ನೇ ರಾಜ್ಯ ಸರ್ಕಾರ 2016ರಲ್ಲಿ ನಿಷೇಧಿಸಿದೆ, ಸಾರ್ವಜನಿಕ ಜಾಗದಲ್ಲಿ ಜಾಹೀರಾತು ಹಾಕಲು ಮಹಾನಗರ ಪಾಲಿಕೆಯ ಅನುಮತಿಯೂ ಬೇಕು. ಪಾಲಿಕೆಗೆ ಒಂದು ಅರ್ಜಿ ಕೊಟ್ಟರೆ ಆ ನೆಲೆಯಲ್ಲೇ ತೆಗೆಸಬಹುದು, ನಿಮ್ಮ ತಮ್ಮ ಕಂಬ ಹತ್ತಿ ಕೇಸು ಹಾಕಿಸಿಕೊಳ್ಳುವ ಅಗತ್ಯವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನಮ್ಮಂಥ ಊರಲ್ಲಿ ಎಲ್ಲಕ್ಕಿಂತ ಬೇಗ ಕೆಲಸ ಮಾಡುವುದು ಅಂಗಡಿಯವರೊಡನೆ ಆಡುವ ನೇರ ಮಾತು ಎಂಬುದು ನನ್ನ ಅನುಭವ. ಮುಂಬೈಯ ಏಜೆನ್ಸಿಯನ್ನು ನಾವು ಮುಟ್ಟಲಾರೆವು, ಬಳ್ಳಾರಿಯ ಫ್ಲೆಕ್ಸ್ ಇಲ್ಲೇ ಇಬ್ಬರು ಗಂಡಸರ ನಡುವೆ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಅಂದು ಆ ಜೀನ್ಸ್ ಅಂಗಡಿಯ ಮಾಲೀಕರನ್ನು ಹುಡುಕಿಕೊಂಡು ಹೋಗಿ ಮಾತಾಡಿದೆ. ನಿಮ್ಮ ಅಂಗಡಿಗೆ ಮಗಳ ಕೈಹಿಡಿದು ಬರುವ ತಾಯಂದಿರು ಆ ಫ್ಲೆಕ್ಸಿನ ಕೆಳಗೆ ಕಣ್ಣು ತಗ್ಗಿಸಿ ದಾಟುತ್ತಾರೆ, ಅದನ್ನು ಗಮನಿಸಿದ್ದೀರಾ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಆ ಕಡಿಂದ ನೋಡೇ ಇಲ್ಲರಿ’ ಎಂದರು. ದೀಪಾವಳಿಗೆ ಪೂರ್ತಿ ನಿಂತು ನಗುವ ಹುಡುಗಿಯ ಚಿತ್ರ ಬಂತು. ಯುಗಾದಿಗೆ ಮತ್ತೆ ತಲೆಯಿಲ್ಲದ ಚಿತ್ರವೇ ಬಂದಿತ್ತು, ಏಕೆಂದರೆ ಆ ಸಲ ಫ್ಲೆಕ್ಸ್ ಮಾಡಿಸಿದವನು ಅವರ ಮಗ. ಮತ್ತೆ ಹೋಗಿ ಮಾತಾಡಿದೆ. ನೀವು ಘಟಕದ ನಾಲ್ಕೈದು ಹೆಣ್ಣುಮಕ್ಕಳು ಜೊತೆಯಾಗಿ ಹೋದರೆ ಆ ಮಾತಿನ ತೂಕ ನನ್ನ ಮಾತಿಗಿಂತ ಹೆಚ್ಚಿರುತ್ತದೆ, ಆ ಅಂಗಡಿಯ ಸರಕು ತಯಾರಾಗುವುದು ನಿಮ್ಮಂಥವರ ಕೈಯಲ್ಲೇ.

ನೀವು ಪಾಲುದಾರಳೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಖಂಡಿತ ಇಲ್ಲ. ಜೀನ್ಸ್ ಹುಟ್ಟಿದ್ದೇ ದುಡಿಯುವವರಿಗಾಗಿ. ಗಣಿಗಳಲ್ಲಿ, ಹೊಲಗಳಲ್ಲಿ ದುಡಿಯುವವರ ಜೇಬು ಹರಿಯದಿರಲೆಂದು ಅದಕ್ಕೆ ತಾಮ್ರದ ರಿವೆಟ್ ಹೊಡೆಯುವ ವಿಧಾನಕ್ಕೆ ಅಮೆರಿಕದಲ್ಲಿ 1873ರಲ್ಲಿ ಪೇಟೆಂಟ್ ಸಿಕ್ಕಿತು. ಗಣಿಯ ಜಿಲ್ಲೆಯಾದ ಬಳ್ಳಾರಿಯಲ್ಲಿ ಕೂತು ಅದನ್ನು ಹೊಲಿಯುವ ನಿಮ್ಮ ಕೆಲಸ ಆ ಪರಂಪರೆಗೆ ಸೇರಿದ್ದು, ತಲೆ ಕತ್ತರಿಸಿದ ಚಿತ್ರಕ್ಕೆ ಸೇರಿದ್ದಲ್ಲ. ಸಾಧ್ಯವಾದರೆ ರಜೆಯ ದಿನ ಮಗಳನ್ನು ಘಟಕಕ್ಕೆ ಕರೆದುಕೊಂಡು ಹೋಗಿ. ನೀವು ಪೀಸು ನೋಡುವ ಮೇಜಿನ ಪಕ್ಕದಲ್ಲಿ ಅವಳು ಸ್ವಲ್ಪ ಹೊತ್ತು ಕೂರಲಿ. ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಮೂವತ್ತಾರು ಎಂದು ಸೈಜಿನ ಪ್ರಕಾರ ಕಟ್ಟಿಟ್ಟ ಕಟ್ಟುಗಳನ್ನು ತೋರಿಸಿ, ಮೂವತ್ತೆಂಟರದ್ದನ್ನೂ ಅವಳ ಕೈಗೆ ಕೊಡಿ. ಅದಕ್ಕೂ ಆರ್ಡರ್ ಬಂದಿದೆ ಎಂದು ಅವಳಿಗೆ ಹೇಳಿ.